ಬಿ.ಜೆ. ಪೆನ್ ಹೆಸರಿಗೆ ತಕ್ಕವನೇ? ಒಟ್ಟು ಲೆಕ್ಕ ಬಿಟ್ಟು ಈ ಪಂದ್ಯಗಳನ್ನು ನೋಡಿ

16 ಗೆಲುವು, 14 ಸೋಲು, 2 ಡ್ರಾ ಇರುವ ಎಂಎಂಎ (ಗುದ್ದು, ಕುಸ್ತಿ ಎಲ್ಲವೂ ಇರುವ ಮಿಶ್ರ ಸಮರಕಲೆ) ಹೋರಾಟಗಾರ ಬಿ.ಜೆ. ಪೆನ್‌ನನ್ನು ‘ಪ್ರಾಡಿಜಿ’ (ಅಸಾಧಾರಣ ಪ್ರತಿಭೆ) ಎಂದು ಯಾಕೆ ಕರೆದರು ಎಂದು ಕೇಳಿದ್ದೀರಿ. ನಿಮ್ಮನ್ನು ದಾರಿ ತಪ್ಪಿಸಿರುವುದು ಆ ಒಟ್ಟು ಲೆಕ್ಕವೇ. 2010ರ ನವೆಂಬರ್‌ಗೆ ಅದು 16-7-1 ಇತ್ತು. ಉಳಿದ 7 ಸೋಲೂ ಆಮೇಲಿನವು.

ಮೊದಲು ಎಂಎಂಎ ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ 2004ರ ಕೂಟ, ಯುಎಫ್‌ಸಿ 46 ನೋಡಿ. ಲೈಟ್‌ವೇಟ್‌ನ (155 ಪೌಂಡ್) ಪೆನ್ 170 ಪೌಂಡ್ ವಿಭಾಗಕ್ಕೆ ಏರಿ, ಚಾಂಪಿಯನ್ ಮ್ಯಾಟ್ ಹ್ಯೂಸ್‌ನನ್ನು ಮೊದಲ ಸುತ್ತಿನಲ್ಲೇ ಮಣಿಸುತ್ತಾನೆ. ಗುದ್ದು ಬಿದ್ದ ತಕ್ಷಣ ಬೆನ್ನು ಹಿಡಿದು ಕತ್ತು ಬಿಗಿಯುವ ವೇಗ ಗಮನಿಸಿ. 2000ದಲ್ಲಿ ಜಿಯು-ಜಿಟ್ಸು (ನೆಲದ ಮೇಲೆ ಹಿಡಿತ ಹಾಕಿ ಮಣಿಸುವ ಕಲೆ) ವಿಶ್ವ ಚಾಂಪಿಯನ್‌ಷಿಪ್‌ನ ಬ್ಲ್ಯಾಕ್‌ಬೆಲ್ಟ್ ವಿಭಾಗ ಗೆದ್ದ ಮೊದಲ ಬ್ರೆಜಿಲೇತರ ಇವನೇ.

ನಂತರ ಯುಎಫ್‌ಸಿ 84, ಶಾನ್ ಶರ್ಕ್ ವಿರುದ್ಧ. ಇಲ್ಲಿ ಕುಸ್ತಿಗಿಂತ ಎಡಗೈ ಜ್ಯಾಬ್ (ಚುರುಕಿನ ನೇರ ಗುದ್ದು) ನೋಡಿ. ನನ್ನ ಪ್ರಕಾರ ಅವನ ಅತ್ಯುತ್ತಮ ಬಾಕ್ಸಿಂಗ್ ಇದು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಚಿತ್ರ ಸಿಕ್ಕಂತೆ. 2006ರ ಯುಎಫ್‌ಸಿ 63ರಲ್ಲಿ ಅದೇ ಹ್ಯೂಸ್ ಎದುರು ಎರಡು ಸುತ್ತು ಮೇಲುಗೈ, ಮೂರನೆಯದರಲ್ಲಿ ಕುಸಿತ. ಪಕ್ಕೆಲುಬಿನ ಪೆಟ್ಟೂ ಇತ್ತು, ಹಾಗಾಗಿ ದಮ್ಮಿನದೇ ತಪ್ಪು ಎಂದು ಖಚಿತವಾಗಿ ಹೇಳಲಾಗದು. 2010ರಲ್ಲಿ ಫ್ರ್ಯಾಂಕಿ ಎಡ್ಗರ್ ಎದುರಿನ ಎರಡು ಸೋಲುಗಳಲ್ಲಿ ಕಾಲ್ಚಲನೆಯ ಕೊರತೆ ಎದ್ದು ಕಾಣುತ್ತದೆ: ಎಡ್ಗರ್ ಬಂದು ಹೊಡೆದು ಹೊರಟಿರುತ್ತಾನೆ, ಪೆನ್ ನಿಂತಲ್ಲೇ.

ಎರಡು ತೂಕಗಳಲ್ಲಿ ಯುಎಫ್‌ಸಿ ಪಟ್ಟ ಗೆದ್ದ ಎರಡನೆಯವನು ಪೆನ್. ಪ್ರತಿಭೆಯ ಮಟ್ಟಿಗೆ ಆ ಹೆಸರು ಪೂರ್ತಿ ಸಲ್ಲುತ್ತದೆ. ದೀರ್ಘಕಾಲದ ಪ್ರಾಬಲ್ಯ ಹುಡುಕುವುದಾದರೆ 170 ಪೌಂಡ್ ವಿಭಾಗದ ಮಾಜಿ ಚಾಂಪಿಯನ್ ಜಾರ್ಜ್ ಸೇಂಟ್-ಪಿಯರ್‌ನ ಪಂದ್ಯಗಳನ್ನು ನೋಡಿ.