ಹಳೇ ಪುಸ್ತಕದ ಸಹಿಯನ್ನು ನಂಬಬಹುದಾ?

ಪ್ರಶ್ನೆ: ಕಥೆಗಾರ್ತಿ ಗೌರಮ್ಮನವರ ‘ಕಂಬನಿ’ಯ ಮೊದಲ ಮುದ್ರಣ ಮಾರಾಟಕ್ಕೆ ಬಂದಿದೆ. ಒಳಪುಟದಲ್ಲಿ ನೀಲಿ ಇಂಕಿನಲ್ಲಿ ‘ಕೊಡಗಿನ ಗೌರಮ್ಮ’ ಅಂತ ಸಹಿ ಇದೆ. ಅದಕ್ಕೇ ಜಾಸ್ತಿ ದುಡ್ಡು ಕೇಳುತ್ತಿದ್ದಾರೆ. ಕೊಳ್ಳಲಾ?
– ಓದುಗರು, ಸೋಮವಾರಪೇಟೆ

ಉತ್ತರ: ಸಹಿಗೆ ಅಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ. ಗೌರಮ್ಮ ತೀರಿಕೊಂಡಿದ್ದು 1939ರಲ್ಲಿ, ಇನ್ನೂ 27ರ ವಯಸ್ಸಿಗೆ. ‘ಕಂಬನಿ’ ಬಂದದ್ದು ಅವರು ಹೋದ ಮೇಲೆ. ತಮ್ಮ ಕಥೆಗಳ ಪುಸ್ತಕವನ್ನು ಅವರು ಕೈಯಲ್ಲಿ ಹಿಡಿಯಲೇ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಅದೂ ಅಲ್ಲದೆ, ಅವರು ಕಥೆಗಳಿಗೆ ಹಾಕುತ್ತಿದ್ದ ಹೆಸರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ‘ಕೊಡಗಿನ ಗೌರಮ್ಮ’ ಅಂತ ಪ್ರೀತಿಯಿಂದ ಕರೆಯುವವರು ನಾವು.

ಹಾಗಂತ ಮಾರುವವರು ಮೋಸಗಾರರು ಅಂತಲ್ಲ. ಪುಸ್ತಕ ಕೊಂಡ ಯಾರೋ ಲೇಖಕಿಯ ಹೆಸರು ಬರೆದಿಟ್ಟಿರಬಹುದು. ಮುದ್ರಣದ ವಿವರ ಇರುವ ಪುಟ ನೋಡಿ. ಎರಡನೇ ಮುದ್ರಣ ಅಂತ ಎಲ್ಲೂ ಇಲ್ಲದೆ, ಪುಟಗಳೆಲ್ಲ ಸರಿಯಾಗಿದ್ದರೆ ಪುಸ್ತಕದ ಬೆಲೆ ಮಾತ್ರ ಕೊಟ್ಟು ಖಂಡಿತ ತೆಗೆದುಕೊಳ್ಳಿ. ಸಹಿ ಇಲ್ಲದಿದ್ದರೂ ಅದು ಮನೆಯಲ್ಲಿ ಇರಬೇಕಾದ ಪುಸ್ತಕ.

ಪ್ರಶ್ನೆ: ನಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಕೊಡವರ ಜನಪದ ಹಾಡುಗಳ ಸಂಗ್ರಹವಾದ 1924ರ ‘ಪಟ್ಟೋಲೆ ಪಳಮೆ’ ಸಿಕ್ಕಿತು. ಆ ಹಾಡುಗಳನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಸಹಿ ಇದ್ದ ಹಾಗಿದೆ. ಬೂಸ್ಟು ಹಿಡಿದಿದೆ. ಹೊಸ ಬೈಂಡ್ ಹಾಕಿಸಲಾ?
– ಓದುಗಿ, ವಿರಾಜಪೇಟೆ

ಉತ್ತರ: ಬೈಂಡ್ ಬೇಡವೇ ಬೇಡ! ಅಂಚು ಕತ್ತರಿಸಿಬಿಡುತ್ತಾರೆ, ಹಳೇ ರಟ್ಟು ಕಸದ ಬುಟ್ಟಿಗೆ ಹೋಗುತ್ತದೆ. ಸೆಲೋಟೇಪೂ ಬೇಡ.

ಚಿಣ್ಣಪ್ಪನವರು 1931ರವರೆಗೆ ಇದ್ದರು, ಹಾಗಾಗಿ ಈ ಸಹಿ ನಿಜವಿರಬಹುದು. ಒಂದು ಭೂತಗನ್ನಡಿ ಹಿಡಿದು ನೋಡಿ. ಸೀಸೆಯ ಇಂಕು ಕಾಗದದ ನಾರಿನೊಳಗೆ ಇಳಿದು ಅಂಚಿನಲ್ಲಿ ಸ್ವಲ್ಪ ಹರಡಿರುತ್ತದೆ, ಬಣ್ಣ ಅಲ್ಲಲ್ಲಿ ಮಾಸಿರುತ್ತದೆ. ಚುಕ್ಕೆ ಚುಕ್ಕೆ ಕಂಡರೆ ಅದು ಅಚ್ಚು. ಪುಟದ ಹಿಂಭಾಗ ಬೆರಳಾಡಿಸಿ. ಬಾಲ್ ಪೆನ್ನಿನ ಉಬ್ಬು ಸಿಕ್ಕರೆ ಸಹಿಯ ಆಸೆ ಬಿಟ್ಟುಬಿಡಿ, ಆ ಪೆನ್ನು ಅಂಗಡಿಗೆ ಬಂದದ್ದೇ 1940ರ ದಶಕದಲ್ಲಿ. ಆಮೇಲೆ ಆ ಕೈಬರಹವನ್ನು ಅವರ ಕಾಗದಪತ್ರಗಳ ಜೊತೆ ಇಟ್ಟು ನೋಡಬೇಕು.

ಬೂಸ್ಟನ್ನು ಈಗಲೇ ಉಜ್ಜಬೇಡಿ. ಮಳೆಯಿಲ್ಲದೆ ಬಿಸಿಲಿರುವ ದಿನ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಮನೆ ಹೊರಗೆ ಮೆತ್ತಗಿನ ಬ್ರಷ್‌ನಿಂದ ಉದುರಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಒಳಗೇ ಬೆವರುತ್ತದೆ. ಮಡಿಕೇರಿಯ ನನ್ನ ಮನೆಯಲ್ಲಿ ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದೇನೆ, ಗಾಳಿ ಆಡಲಿ ಅಂತ. ನೀವೂ ಹಾಗೇ ಮಾಡಿ. ಸಹಿ ಇರುವ ಪುಟದ ಒಂದು ಒಳ್ಳೆ ಫೋಟೋ ತೆಗೆದಿಟ್ಟುಕೊಳ್ಳಿ, ಈ ಮಳೆಗಾಲ ಶುರುವಾಗುವ ಮೊದಲೇ.