ಕೋಚ್ ಪ್ರವಾಸ: ಮೊದಲು ಗಡಿಯಾರ ನೋಡಿ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಮೇ ತಿಂಗಳಲ್ಲಿ ಲಾಸ್ ವೇಗಸ್‌ನಿಂದ ಬ್ರೈಸ್, ಪೇಜ್, ಗ್ರ್ಯಾಂಡ್ ಕ್ಯಾನ್ಯನ್ ನೋಡುವ ನಾಲ್ಕು ದಿನದ ಕೋಚ್ (ಬಸ್) ಪ್ರವಾಸವಿದೆ. ಇಬ್ಬರಿಗೂ ಅರವತ್ತು ದಾಟಿದೆ. ಏನು ಎಚ್ಚರಿಕೆ ಬೇಕು?

ಉತ್ತರ: ಬೇಸಿಗೆಯಲ್ಲಿ, ಬ್ರೈಸ್ ಕಣಿವೆ ಇರುವ ಯೂಟಾ ರಾಜ್ಯದ ಸಮಯ, ಪೇಜ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಇರುವ ಅರಿಝೋನಾಕ್ಕಿಂತ ಒಂದು ಗಂಟೆ ಮುಂದು. ಎರಡೂ ರಾಜ್ಯಗಳ ಗಡಿಯ ಹತ್ತಿರವಿರುವ ಪೇಜ್ ಊರಿನಲ್ಲಿ ಮೊಬೈಲ್ ಒಮ್ಮೆ ಇಲ್ಲಿಯದು, ಒಮ್ಮೆ ಅಲ್ಲಿಯದು ತೋರಿಸುತ್ತದೆ. ಕೋಚ್ ತಪ್ಪಿಹೋಗುವುದು ಹೀಗೆಯೇ. ಆಟೋಮ್ಯಾಟಿಕ್ ಸಮಯ ಆಫ್ ಮಾಡಿ, ಗೈಡ್ ಹೇಳಿದ್ದಕ್ಕೆ ಹೊಂದಿಸಿಕೊಳ್ಳಿ.

ಬ್ರೈಸ್ 2,400 ಮೀಟರ್ ಎತ್ತರದಲ್ಲಿದೆ, ಮೇ ಬೆಳಗ್ಗೆಯೂ ಕೊರೆಯುವ ಚಳಿ. ಸೂಟ್‌ಕೇಸ್ ಕೋಚಿನ ಡಿಕ್ಕಿ ಸೇರಿದರೆ ಸಂಜೆಯವರೆಗೆ ಕೈಗೆ ಸಿಗದು. ಸ್ವೆಟರ್, ಮಾತ್ರೆ, ನೀರು ಕೈಚೀಲದಲ್ಲೇ ಇರಲಿ. ಅಲ್ಲಿ ಕಣಿವೆಗೆ ಇಳಿಯುವುದು ಸುಲಭ, ಹತ್ತುವಾಗ ಏದುಸಿರು ಬರುತ್ತದೆ. ನಿಲುಗಡೆ ಒಂದೇ ಗಂಟೆಯದಾದರೆ ದಯವಿಟ್ಟು ಕಣಿವೆಗೆ ಇಳಿಯಬೇಡಿ. ಸನ್‌ಸೆಟ್, ಸನ್‌ರೈಸ್ ಪಾಯಿಂಟ್‌ಗಳ ನಡುವಿನ ಅರ್ಧ ಮೈಲಿ ಟಾರು ದಾರಿಯಿಂದಲೇ ಕೆಂಪು ಕಲ್ಲುಕಂಬಗಳೆಲ್ಲ ಚೆನ್ನಾಗಿ ಕಾಣುತ್ತವೆ.