ಸ್ವೇ ಬಾರ್ ಬದಲಿಸುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಅಮೆರಿಕದ ಡೆಟ್ರಾಯಿಟ್ ಸಮೀಪ ನೆಲೆಸಿರುವ ಕನ್ನಡಿಗ. ನನ್ನ ಬಳಿ 2001ರ ಮಜ್ದಾ ಎಂಎಕ್ಸ್-5 ಮಿಯಾಟಾ ಇದೆ. ಬೇಸಿಗೆಯಲ್ಲಿ ಆಟೋಕ್ರಾಸ್ ಸ್ಪರ್ಧೆಗಳಿಗೆ, ಅಂದರೆ ವಿಶಾಲವಾದ ಪಾರ್ಕಿಂಗ್ ಜಾಗದಲ್ಲಿ ಕೋನ್‌ಗಳನ್ನಿಟ್ಟು ಒಬ್ಬೊಬ್ಬರಾಗಿ ಸಮಯದ ವಿರುದ್ಧ ಓಡಿಸುವ ಸ್ಪರ್ಧೆಗಳಿಗೆ ಹೋಗುತ್ತೇನೆ. ತಿರುವಿನಲ್ಲಿ ಕಾರು ಬಹಳ ವಾಲುತ್ತದೆ. ಎಡಕ್ಕೆ ತಿರುಗಿಸಿ ಕೂಡಲೇ ಬಲಕ್ಕೆ ಹೊರಳಿಸಿದರೆ ತಡವಾಗಿ ಸ್ಪಂದಿಸುತ್ತದೆ. ಮುಂದಕ್ಕೂ ಹಿಂದಕ್ಕೂ ಸೇರಿಸಿ ದಪ್ಪ ಸ್ವೇ ಬಾರ್‌ಗಳ, ಅಂದರೆ ಕಾರು ವಾಲುವುದನ್ನು ತಗ್ಗಿಸುವ ಉಕ್ಕಿನ ಸಲಾಕೆಗಳ, ಸೆಟ್ ಕೊಳ್ಳಬೇಕೆಂದಿದ್ದೇನೆ. ಎಷ್ಟು ದಪ್ಪದ್ದು ಸರಿ? ಟೊಳ್ಳು ಬಾರ್ ಒಳ್ಳೆಯದೋ, ಗಟ್ಟಿ ಬಾರ್ ಒಳ್ಳೆಯದೋ?

ಉತ್ತರ: ಸೆಟ್ ಕೊಳ್ಳಬೇಡಿ. ಮೊದಲು ಮುಂದಿನ ಬಾರ್ ಒಂದನ್ನೇ ಕೊಳ್ಳಿ. ಇದಕ್ಕೆ ಎರಡು ಕಾರಣಗಳಿವೆ, ಒಂದು ಸ್ಪರ್ಧೆಯ ನಿಯಮ, ಇನ್ನೊಂದು ಕಾರಿನ ಸ್ವಭಾವ.

ನಿಮ್ಮಲ್ಲಿ ಆಟೋಕ್ರಾಸ್ ನಡೆಸುವ ಪ್ರಮುಖ ಸಂಸ್ಥೆಯಾದ ಎಸ್‌ಸಿಸಿಎ, ತನ್ನ ಸ್ಟ್ರೀಟ್ ವಿಭಾಗದಲ್ಲಿ ಮುಂದಿನ ಅಥವಾ ಹಿಂದಿನ ಬಾರ್‌ಗಳಲ್ಲಿ ಒಂದನ್ನು ಮಾತ್ರ ಬದಲಿಸಲು ಅವಕಾಶ ಕೊಡುತ್ತದೆ. ಎರಡನ್ನೂ ಬದಲಿಸಿದರೆ ಸ್ಪ್ರಿಂಗು, ಬುಷ್ಷುಗಳನ್ನೆಲ್ಲ (ಸಸ್ಪೆನ್ಷನ್ ಜೋಡಣೆಗಳಲ್ಲಿನ ರಬ್ಬರ್ ಒತ್ತುಗಳನ್ನೆಲ್ಲ) ಬದಲಿಸಿಕೊಂಡ ಕಾರುಗಳ ಜೊತೆ ಮೇಲಿನ ವಿಭಾಗದಲ್ಲಿ ನಿಲ್ಲಬೇಕಾಗುತ್ತದೆ. ಕೊಳ್ಳುವ ಮುನ್ನ ಈ ವರ್ಷದ ನಿಯಮ ಪುಸ್ತಕವನ್ನು ಒಮ್ಮೆ ತೆರೆದು ನೋಡಿ.

ಎರಡನೆಯ ಕಾರಣವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಬಾರ್ ಕೊಳ್ಳುವವರಲ್ಲಿ ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಸ್ವೇ ಬಾರ್ ಎಂದರೆ ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್ನನ್ನು ಜೋಡಿಸುವ, ತಿರುಚಿದಾಗ ವಿರೋಧಿಸುವ ಉಕ್ಕಿನ ಸಲಾಕೆ. ಎರಡೂ ಚಕ್ರಗಳು ಒಟ್ಟಿಗೆ ಮೇಲೇರಿದರೆ ಅದು ತನ್ನ ಬುಷ್ಷುಗಳಲ್ಲಿ ಸುಮ್ಮನೆ ಹೊರಳುತ್ತದೆ. ಒಂದು ಮೇಲೇರಿ ಇನ್ನೊಂದು ಕೆಳಗಿಳಿದಾಗ ಮಾತ್ರ ತಿರುಚಿಕೊಂಡು ಕೆಲಸ ಮಾಡುತ್ತದೆ. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಎಷ್ಟು ಭಾರ ವರ್ಗವಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಕಾರಿನ ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಗಲ ಮತ್ತು ನೀವು ತಿರುಗುವ ರಭಸ ನಿರ್ಧರಿಸುತ್ತವೆ. ಬಾರ್ ದಪ್ಪ ಮಾಡಿದ ಮಾತ್ರಕ್ಕೆ ಆ ಒಟ್ಟು ಮೊತ್ತ ಕಡಿಮೆಯಾಗುವುದಿಲ್ಲ. ಆ ಮೊತ್ತದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬ ಪಾಲು ಬಾರ್‌ನಿಂದ ಬದಲಾಗುತ್ತದೆ. ಟೈರಿನ ಮೇಲಿನ ಭಾರ ಇಮ್ಮಡಿಯಾದರೂ ಅದರ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ಯಾವ ಕಡೆಯ ಬಾರನ್ನು ಬಿಗಿಗೊಳಿಸುತ್ತೀರೋ ಆ ಕಡೆಯ ಒಟ್ಟು ಹಿಡಿತ ಸಾಮಾನ್ಯವಾಗಿ ಕುಗ್ಗುತ್ತದೆ. ಮುಂದೆ ಬಿಗಿಯಾದರೆ ಕಾರಿನ ಮೂಗು ಹೊರಕ್ಕೆ ಜಾರುವ ಅಂಡರ್‌ಸ್ಟಿಯರ್ ಹೆಚ್ಚುತ್ತದೆ. ಹಿಂದೆ ಬಿಗಿಯಾದರೆ ಹಿಂಭಾಗ ಬೀಸಿಕೊಳ್ಳುವ ಓವರ್‌ಸ್ಟಿಯರ್ ಹೆಚ್ಚುತ್ತದೆ.

ಹಾಗಿದ್ದರೆ ಮುಂದಿನ ಬಾರ್ ಏಕೆ ಎಂದು ನೀವು ಕೇಳಬಹುದು. ಮಿಯಾಟಾದ ಹಿಂಭಾಗ ಮೊದಲೇ ಚುರುಕು. ಎಂಜಿನ್ನಿನ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವುದೂ ಅದರ ಹಿಂದಿನ ಚಕ್ರಗಳೇ. ಹಿಂದೆ ದಪ್ಪ ಬಾರ್ ಹಾಕಿದರೆ ತಿರುವಿನಲ್ಲಿ ಒಳಗಿನ ಹಿಂಚಕ್ರ ಹಗುರವಾಗುತ್ತದೆ, ತೀರಾ ಹೆಚ್ಚಾದರೆ ನೆಲ ಬಿಟ್ಟೇಳುತ್ತದೆ. ನಿಮ್ಮ ಕಾರಿನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಸಾಧನ) ಇಲ್ಲದಿದ್ದರೆ, ತಿರುವಿನಿಂದ ಹೊರಬರುತ್ತ ಆಕ್ಸಿಲರೇಟರ್ ಒತ್ತಿದಾಗ ಆ ಹಗುರವಾದ ಚಕ್ರ ಸುಮ್ಮನೆ ಗಿರಗಿರ ಸುತ್ತಿ ಸಮಯ ಹಾಳಾಗುತ್ತದೆ. ಮುಂದಿನ ಬಾರ್ ದಪ್ಪವಾದರೆ ವಾಲುವುದು ಕಡಿಮೆಯಾಗುತ್ತದೆ, ಎಡಬಲ ಹೊರಳಿಕೆಗೆ ಕಾರು ಬೇಗ ಸ್ಪಂದಿಸುತ್ತದೆ ಮತ್ತು ಒಳಗಿನ ಹಿಂಚಕ್ರ ನೆಲಕ್ಕೆ ಕಚ್ಚಿಕೊಂಡಿರುತ್ತದೆ. ಉದ್ದನೆಯ ತಿರುವಿನಲ್ಲಿ ಮೂಗು ತುಸು ಹೊರಕ್ಕೆ ಹೋಗುವುದು ಇದಕ್ಕೆ ತೆರಬೇಕಾದ ಬೆಲೆ. ಅದನ್ನು ಮುಂದಿನ ಚಕ್ರಗಳ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಕಾರಿನ ಒಳಕ್ಕೆ ಓರೆಯಾಗಿರುವುದು) ಹೆಚ್ಚಿಸಿ, ಟೈರಿನ ಗಾಳಿಯನ್ನು ಹೊಂದಿಸಿ ಬಹುಪಾಲು ಸರಿದೂಗಿಸಬಹುದು. ಎರಡೂ ಬಾರ್ ಬದಲಿಸಬಹುದಾದ ವಿಭಾಗಗಳಲ್ಲಿ ಮಿಯಾಟಾ ಓಡಿಸುವ ಹಲವು ಅನುಭವಿಗಳು ಮುಂದೆ ದಪ್ಪ ಬಾರ್ ಹಾಕಿ, ಬೆರಳಿನಷ್ಟೇ ದಪ್ಪವಿರುವ ಹಿಂದಿನ ಬಾರನ್ನು ಪೂರ್ತಿ ಬಿಚ್ಚಿಡುವುದೂ ಉಂಟು.

ಇನ್ನು ದಪ್ಪದ ಲೆಕ್ಕ. ಗಟ್ಟಿ ಬಾರ್‌ನ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. 22 ಮಿ.ಮೀ. ಬಾರ್ ತೆಗೆದು, ಉದ್ದ, ಆಕಾರ ಎಲ್ಲವೂ ಅದೇ ಇರುವ 25 ಮಿ.ಮೀ. ಬಾರ್ ಹಾಕಿದರೆ ವ್ಯಾಸ ಹೆಚ್ಚಿದ್ದು ಕೇವಲ 3 ಮಿ.ಮೀ., ಆದರೆ ಬಿಗಿತ ಸುಮಾರು ಶೇ. 67ರಷ್ಟು ಹೆಚ್ಚುತ್ತದೆ. ಆದ್ದರಿಂದ ಜಾಹೀರಾತಿನಲ್ಲಿ ಒಂದು ಮಿಲಿಮೀಟರನ್ನೂ ಹಗುರವಾಗಿ ನೋಡಬೇಡಿ, ಮತ್ತು ನಿಮ್ಮ ಕಾರಿನಲ್ಲಿ ಈಗಿರುವ ಬಾರ್ ಎಷ್ಟು ದಪ್ಪ ಎಂದು ವರ್ನಿಯರ್ ಕ್ಯಾಲಿಪರ್ ಹಿಡಿದು ನೀವೇ ಅಳೆಯಿರಿ. ಒಂದೇ ಮಾದರಿಯಲ್ಲೂ ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಿರುತ್ತದೆ. ಬಾರ್‌ನ ತುದಿಯ ತೋಳಿನ ಉದ್ದವೂ ಅಷ್ಟೇ ಮುಖ್ಯ. ತುದಿಯಲ್ಲಿ ಎರಡು ಮೂರು ರಂಧ್ರಗಳಿದ್ದರೆ, ಬಾಗಿದ ಭಾಗಕ್ಕೆ ಹತ್ತಿರದ ರಂಧ್ರಕ್ಕೆ ಲಿಂಕ್ (ಬಾರನ್ನು ಸಸ್ಪೆನ್ಷನ್ನಿಗೆ ಸೇರಿಸುವ ಸಣ್ಣ ಕಡ್ಡಿ) ಜೋಡಿಸಿದಾಗ ತೋಳು ಗಿಡ್ಡವಾಗಿ ಬಾರ್ ಬಿಗಿಯಾಗುತ್ತದೆ. 250 ಮಿ.ಮೀ. ತೋಳು 225 ಮಿ.ಮೀ.ಗೆ ಇಳಿದರೆ ಬಿಗಿತ ಸುಮಾರು ಶೇ. 23ರಷ್ಟು ಏರುತ್ತದೆ. ಇಂತಹ ರಂಧ್ರಗಳಿರುವ ಬಾರನ್ನೇ ಆರಿಸಿ, ಅತ್ಯಂತ ಮೃದುವಾದ ರಂಧ್ರದಿಂದ ಆರಂಭಿಸಿ.

ಟೊಳ್ಳು ಬಾರ್ ಬಗ್ಗೆ ಅನುಮಾನ ಬೇಡ. ತಿರುಚುವ ಬಲವನ್ನು ಹೆಚ್ಚಾಗಿ ಹೊರುವುದು ಸಲಾಕೆಯ ಹೊರಭಾಗವೇ. 25 ಮಿ.ಮೀ. ವ್ಯಾಸದ ಬಾರ್‌ನ ಗೋಡೆ 4 ಮಿ.ಮೀ. ದಪ್ಪವಿದ್ದು ಒಳಗೆ ಟೊಳ್ಳಾಗಿದ್ದರೆ, ಅದೇ ವ್ಯಾಸದ ಗಟ್ಟಿ ಬಾರ್‌ನ ಬಿಗಿತದಲ್ಲಿ ಸುಮಾರು ಶೇ. 79ರಷ್ಟು ಉಳಿಯುತ್ತದೆ, ತೂಕ ಮಾತ್ರ ಶೇ. 54ಕ್ಕೆ ಇಳಿಯುತ್ತದೆ. ಗೋಡೆಯ ದಪ್ಪ ಹೇಳದೆ ಬರೀ ವ್ಯಾಸ ಹೇಳುವ ಮಾರಾಟಗಾರರಿಂದ ಟೊಳ್ಳು ಬಾರ್ ಕೊಳ್ಳಬೇಡಿ. ಅಲ್ಲದೆ ಬಾರ್ ಬಹಳ ಬಿಗಿಯಾದರೆ ಅದನ್ನು ಚಾಸಿಗೆ ಹಿಡಿದಿರುವ ಬ್ರಾಕೆಟ್‌ಗಳ ಮೇಲೆ ಒತ್ತಡ ಹೆಚ್ಚುತ್ತದೆ. ಮಿಯಾಟಾದ ಮುಂದಿನ ಬ್ರಾಕೆಟ್‌ಗಳು ಈ ವಿಷಯದಲ್ಲಿ ದುರ್ಬಲವೆಂದೇ ಹೆಸರಾಗಿವೆ. ನೀವು ಕೊಳ್ಳುವ ಬಾರ್ ಬಹಳ ದಪ್ಪವಿದ್ದರೆ ಬಲಪಡಿಸಿದ ಬ್ರಾಕೆಟ್‌ಗಳನ್ನೂ ಜೊತೆಗೇ ತರಿಸಿಕೊಳ್ಳಿ.

ಕೊನೆಯದಾಗಿ, ನಿಮ್ಮ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಬಾರ್‌ಗೆ ಹಣ ಕೊಡುವ ಮುನ್ನ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಸೋರುತ್ತಿದೆಯೇ, ಲಿಂಕ್‌ಗಳ ಬಾಲ್ ಜಾಯಿಂಟ್ ಸಡಿಲವಾಗಿದೆಯೇ, ಬುಷ್ಷುಗಳ ರಬ್ಬರ್ ಬಿರಿದಿದೆಯೇ ಎಂದು ನೋಡಿ. ಬಾರ್ ಎಂಬುದು ಬರೀ ಸ್ಪ್ರಿಂಗ್. ಸವೆದ ಶಾಕ್ ಅಬ್ಸಾರ್ಬರ್ ಮಾಡಬೇಕಾದ ಕೆಲಸವನ್ನು ಅದು ಮಾಡಲಾರದು. ನೀವು ಹೇಳುವ ತಡವಾದ ಸ್ಪಂದನೆಯಲ್ಲಿ ಒಂದು ಪಾಲು ಅಲ್ಲಿಂದಲೇ ಬರುತ್ತಿರಬಹುದು. ಚಳಿಗಾಲದಲ್ಲಿ ನಿಮ್ಮೂರಿನ ರಸ್ತೆಗೆ ಚೆಲ್ಲುವ ಉಪ್ಪಿನಿಂದ ಲಿಂಕ್‌ಗಳ ನಟ್ಟುಗಳು ತುಕ್ಕಿನಲ್ಲಿ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಮರುದಿನ ಬೋಲ್ಟ್ ಮುರಿಯುವ ಪ್ರಮೇಯ ಕಡಿಮೆ.

ಪ್ರಶ್ನೆ: ದುಬೈನಲ್ಲಿರುವ ನಾನು ಟೊಯೊಟಾ 86 ಕಾರಿಗೆ ಇಲ್ಲಿನ ಒಂದು ಗ್ಯಾರೇಜಿನಲ್ಲಿ ಎರಡೂ ಸ್ವೇ ಬಾರ್‌ಗಳನ್ನು ಬದಲಿಸಿದೆ. ಈಗ ಎಡಕ್ಕೆ ತಿರುಗುವಾಗ ಒಂದು ಬಗೆ, ಬಲಕ್ಕೆ ತಿರುಗುವಾಗ ಇನ್ನೊಂದು ಬಗೆ ಅನ್ನಿಸುತ್ತದೆ. ಹಂಪ್ ಮೇಲೆ ನಿಧಾನವಾಗಿ ಹೋಗುವಾಗ ಕಿರ್ರ್ ಎಂಬ ಸದ್ದು, ಒಂದೇ ಚಕ್ರ ಏನಾದರೂ ಹತ್ತಿದಾಗ ಟಕ್ ಎಂಬ ಸದ್ದು. ಬಾರ್‌ಗಳೇ ಕೆಟ್ಟವೇ?

ಉತ್ತರ: ಬಾರ್‌ಗಳಿಗಿಂತ ಜೋಡಣೆಯನ್ನು ಮೊದಲು ಅನುಮಾನಿಸಬೇಕು. ಕಾರು ಸಮತಟ್ಟಾದ ನೆಲದಲ್ಲಿ ಸುಮ್ಮನೆ ನಿಂತಿರುವಾಗ ಬಾರ್‌ನಲ್ಲಿ ತಿರುಚು ಇರಲೇಬಾರದು. ಒಂದು ಕಡೆಯ ಚಕ್ರ ಮಾತ್ರ ಜಾಕ್ ಮೇಲೆ ನೇತಾಡುತ್ತಿರುವಾಗ ಲಿಂಕ್ ಎಳೆದು ಜೋಡಿಸಿದ್ದರೆ, ಅಥವಾ ಉದ್ದ ಹೊಂದಿಸಬಹುದಾದ ಲಿಂಕ್‌ಗಳನ್ನು ಕಾರಿನ ಎತ್ತರ ನೋಡದೆ ಬಿಗಿ ಮಾಡಿದ್ದರೆ, ಬಾರ್ ಸದಾ ತಿರುಚಿಕೊಂಡೇ ಇರುತ್ತದೆ. ಆಗ ಅದು ಕರ್ಣರೇಖೆಯಲ್ಲಿರುವ ಎರಡು ಚಕ್ರಗಳ ಮೇಲೆ, ಉದಾಹರಣೆಗೆ ಎಡ ಮುಂಚಕ್ರ ಮತ್ತು ಬಲ ಹಿಂಚಕ್ರದ ಮೇಲೆ, ಭಾರ ಹೆಚ್ಚಿಸಿ ಉಳಿದೆರಡರಲ್ಲಿ ತಗ್ಗಿಸುತ್ತದೆ. ಎಡಬಲ ತಿರುವುಗಳ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಸರಿಪಡಿಸುವ ಕ್ರಮ ಹೀಗೆ. ಕಾರಿನ ನಾಲ್ಕೂ ಚಕ್ರಗಳು ರ‍್ಯಾಂಪ್‌ಗಳ ಮೇಲೆ ಒಂದೇ ಮಟ್ಟದಲ್ಲಿ ನಿಂತಿರಲಿ. ಚಾಲಕನ ಆಸನದಲ್ಲಿ ನಿಮ್ಮ ತೂಕದಷ್ಟು ಭಾರ ಇಡಿಸಿ, ಅಥವಾ ನೀವೇ ಕುಳಿತುಕೊಳ್ಳಿ. ಒಂದು ಕಡೆಯ ಲಿಂಕ್ ಜೋಡಿಸಿದ ಮೇಲೆ ಇನ್ನೊಂದು ಕಡೆಯ ಲಿಂಕ್‌ನ ಉದ್ದವನ್ನು ಸ್ವಲ್ಪ ಸ್ವಲ್ಪವೇ ಹೊಂದಿಸುತ್ತ ಬರಬೇಕು. ಎರಡೇ ಬೆರಳಲ್ಲಿ ಹಿಡಿದ ಬೋಲ್ಟ್ ಬಾರ್‌ನ ರಂಧ್ರದೊಳಕ್ಕೆ ತಾನಾಗಿ ಜಾರಿದಾಗ ಉದ್ದ ಸರಿಯಾಯಿತೆಂದು ಅರ್ಥ. ಸುತ್ತಿಗೆ, ಸರಳು, ಎಳೆತ ಯಾವುದೂ ಬೇಕಾಗಬಾರದು. ಅನಂತರವೇ ಟಾರ್ಕ್ ರೆಂಚ್ ಹಿಡಿದು, ಕಾರಿನ ಸರ್ವಿಸ್ ಮ್ಯಾನ್ಯುಯಲ್ ಮತ್ತು ಬಾರ್ ತಯಾರಕರು ಹೇಳಿದ ಅಳತೆಗೆ ಬಿಗಿ ಮಾಡಬೇಕು. ಲಿಂಕ್‌ಗಳ ಉದ್ದ ಹೊಂದಿಸುವಂತಿಲ್ಲದಿದ್ದರೆ ಅವನ್ನು ಹೊಂದಿಸುವಂಥವಕ್ಕೆ ಬದಲಿಸುವುದು ಖರ್ಚಿಗೆ ತಕ್ಕ ಕೆಲಸ.

ಕಿರ್ರ್ ಸದ್ದು ಪಾಲಿಯುರೆಥೇನ್ ಬುಷ್ಷುಗಳದ್ದು. ನೀವು ಹೇಳುವಂತೆ ಹಂಪ್ ಮೇಲೆ ಎರಡೂ ಚಕ್ರಗಳು ಒಟ್ಟಿಗೆ ಏರಿದಾಗ ಬಾರ್ ಬುಷ್ಷಿನೊಳಗೆ ಹೊರಳುತ್ತದೆ, ಅಲ್ಲಿ ಗ್ರೀಸ್ ಒಣಗಿದ್ದರೆ ಅಥವಾ ಹಾಕದೇ ಇದ್ದರೆ ಕೂಗುತ್ತದೆ. ಬುಷ್ಷಿನ ಜೊತೆ ಬರುವ, ನೀರಿಗೆ ಕರಗದ ಅಂಟಾದ ಗ್ರೀಸನ್ನೇ ಒಳಮೈಗೆ ಧಾರಾಳವಾಗಿ ಬಳಿಯಿಸಿ. ಟಕ್ ಸದ್ದಿಗೆ ಸಡಿಲ ನಟ್ಟು, ಸವೆದ ಲಿಂಕ್ ಜಾಯಿಂಟ್, ಇಲ್ಲವೇ ಬಾರ್ ಬೇರೇನಕ್ಕೋ ತಗಲುವುದು ಕಾರಣವಾಗಿರಬಹುದು. ಬಾರ್‌ನ ಮೈಮೇಲೆ ಬಣ್ಣ ಕೆರೆದು ಹೊಳೆಯುವ ಕಲೆ ಎಲ್ಲಿದೆ ಎಂದು ಟಾರ್ಚ್ ಹಿಡಿದು ನೋಡಿಸಿ; ತಗಲುತ್ತಿದ್ದರೆ ಗುರುತು ಅಲ್ಲಿರುತ್ತದೆ. ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಚಕ್ರ ಪೂರ್ತಿ ಇಳಿದಾಗ ಮತ್ತು ಪೂರ್ತಿ ಏರಿದಾಗ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್‌ಗೆ ಬಾರ್ ಅಥವಾ ಲಿಂಕ್ ಮುಟ್ಟುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಪ್ರಾಣಕ್ಕೆ ಸಂಬಂಧಿಸಿದ ವಿಷಯ, ಇದನ್ನು ಯಾವ ಗ್ಯಾರೇಜಿನ ಮಾತಿಗೂ ಬಿಡದೆ ಕಣ್ಣಾರೆ ನೋಡಿ. ಬಾರ್ ಅಡ್ಡಡ್ಡ ಸರಿಯದಂತೆ ತಡೆಯುವ ಕಾಲರ್‌ಗಳು ಬುಷ್ಷಿನ ಪಕ್ಕದಲ್ಲಿ ಇವೆಯೇ ಎಂದೂ ನೋಡಿ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿಟ್ಟರೆ, ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಯಾವುದು ಸಡಿಲಗೊಂಡಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ನಿಮ್ಮ ಕಾರಿನ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಮಾದರಿಯದು, ಅಂದರೆ ಶಾಕ್ ಅಬ್ಸಾರ್ಬರ್ ಇರುವ ಕಂಬವೇ ಚಕ್ರವನ್ನು ಮೇಲಿನಿಂದ ಹಿಡಿದಿರುವಂಥದ್ದು. ಇಂತಹ ಕಾರು ವಾಲಿದಾಗ ಹೊರಗಿನ ಮುಂಚಕ್ರ ರಸ್ತೆಗೆ ಹೋಲಿಸಿದರೆ ಹೊರಕ್ಕೆ ಓರೆಯಾಗಿ ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ಹಾಗಾಗಿ ಬಿಗಿಗೊಳಿಸಿದ ಕಡೆಯ ಹಿಡಿತ ಕುಗ್ಗುತ್ತದೆ ಎಂದು ಮೇಲಿನ ಉತ್ತರದಲ್ಲಿ ಹೇಳಿದ ನಿಯಮಕ್ಕೆ ಇಲ್ಲಿ ಒಂದು ಮಿತಿಯಿದೆ: ಮುಂದಿನ ಬಾರ್ ಬಿಗಿಯಾಗಿ ವಾಲುವುದು ತಗ್ಗಿದರೆ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುವುದರಿಂದ ಮುಂದಿನ ಹಿಡಿತ ಕೆಲವೊಮ್ಮೆ ಹೆಚ್ಚುವುದೂ ಉಂಟು. ರಂಧ್ರ ಬದಲಿಸಿ ನೋಡುವಾಗ ಒಂದು ಬಾರಿಗೆ ಒಂದೇ ಕಡೆ, ಮುಂದೆ ಅಥವಾ ಹಿಂದೆ, ಒಂದೇ ಹೆಜ್ಜೆ ಬದಲಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಓಡಿಸುತ್ತೇನೆ. ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ದಾಟಿ ಊರಿಗೆ ಹೋಗುತ್ತೇನೆ. ಹಿಂದಕ್ಕೆ ಸ್ವೇ ಬಾರ್ ಹಾಕಿಸಿದರೆ ಘಾಟಿಯಲ್ಲಿ ಕಾರು ಭದ್ರವಾಗಿರುತ್ತದೆಯೇ? ಕಾನೂನಿನ ತೊಡಕಿದೆಯೇ?

ಉತ್ತರ: ನಿಮ್ಮ ಕಾರಿನ ಹಿಂದಿನ ಆಕ್ಸಲ್ ಟ್ವಿಸ್ಟ್ ಬೀಮ್ ಮಾದರಿಯದು, ಆ ತೊಲೆಯೇ ತಿರುಚಿಕೊಂಡು ಸ್ವೇ ಬಾರ್‌ನ ಕೆಲಸ ಮಾಡುತ್ತದೆ. ಅದಕ್ಕೆ ಇನ್ನೊಂದು ಬಾರ್ ಬಿಗಿದರೆ ಮುಂಚಕ್ರಗಳಿಂದ ಓಡುವ ಕಾರಿನ ಮೂಗು ಒಳಕ್ಕೆ ಚುರುಕಾಗಿ ತಿರುಗುತ್ತದೆ ಎಂಬುದು ನಿಜ, ಒಣಗಿದ ಟ್ರ್ಯಾಕಿನಲ್ಲಿ ಅದು ಸೊಗಸೂ ಹೌದು. ಆದರೆ ಮಳೆಗಾಲದ ಘಾಟಿಯಲ್ಲಿ, ಇಳಿಜಾರಿನ ತಿರುವಿನ ನಡುವೆ ಎದುರಿಗೆ ಬಸ್ ಕಂಡು ತಟ್ಟನೆ ಆಕ್ಸಿಲರೇಟರ್ ಬಿಟ್ಟಾಗ, ಹಿಂಭಾಗ ಜಾರುವ ಸಂಭವವನ್ನು ಅದೇ ಬಾರ್ ಹೆಚ್ಚಿಸುತ್ತದೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಕಾರು ಎಡಬಲ ತೂಗಾಡುವುದೂ ಹೆಚ್ಚುತ್ತದೆ. ಕಾನೂನಿನ ಮಟ್ಟಿಗೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ, ಆರ್.ಸಿ.ಯಲ್ಲಿ ಸ್ವೇ ಬಾರ್ ನಮೂದಾಗುವುದಿಲ್ಲವಾದರೂ, ಹಾಕಿಸುವುದೇ ಆದರೆ ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಿಮ್ಮ ಬಳಕೆಗೆ ನನ್ನ ಸಲಹೆ ಬೇರೆ: ಆ ಹಣದಲ್ಲಿ ಮಳೆಯಲ್ಲಿ ಚೆನ್ನಾಗಿ ಹಿಡಿಯುವ ನಾಲ್ಕು ಹೊಸ ಟೈರು ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ, ಮುಂದಿನ ಲಿಂಕ್ ರಾಡ್ ಮತ್ತು ಬುಷ್ಷುಗಳು ಸವೆದಿದ್ದರೆ ಕಂಪನಿಯವನ್ನೇ ಬದಲಿಸಿಕೊಳ್ಳಿ.